ಉಪದೇಶಿಯಮ್ಮನ ಅನುಪಯುಕ್ತ ಮರಗಳು

ನಮ್ಮ ಚರ್ಚಿನ ಸ್ಮರಣ ಸಂಚಿಕೆ ಕಳೆದ ಭಾನುವಾರ ಕೈಗೆ ಬಂತು. ಹೊಳೆಯುವ ಕಾಗದ, ಮೊದಲ ಪುಟದಲ್ಲಿ ಬಿಷಪ್ಪರು, ಆಮೇಲೆ ಹಾರ ಹಾಕಿಸಿಕೊಂಡ ಕಮಿಟಿಯವರು. ಊರಿಗೆ ಯಾವ ಫಾದರ್ ಯಾವಾಗ ಬಂದರು, ಗಂಟೆ ತರಿಸಿದವರು ಯಾರು, ನೆಲಕ್ಕೆ ಕಡಪ ಕಲ್ಲು ಹಾಸಿಸಿದವರು ಯಾರು ಎಂದು ಚರಿತ್ರೆಯನ್ನೂ ಬರೆದಿದ್ದಾರೆ. ಅದರ ನಡುವೆ ಒಂದು ವಾಕ್ಯ: 'ಸ್ಮಶಾನದಲ್ಲಿದ್ದ ಅನುಪಯುಕ್ತ ಮರಗಳನ್ನು ತೆರವುಗೊಳಿಸಿ ಆವರಣವನ್ನು ಅಂದಗೊಳಿಸಲಾಯಿತು.' ಓದಿದ್ದೇ ಮೈಯೆಲ್ಲ ಉರಿದುಹೋಯಿತು. ಸಂಚಿಕೆಯನ್ನು ಒಲೆಯ ಕಡೆಗೇ ಎಸೆದೆ. ಗುರಿ ತಪ್ಪಿ ಹಂಡೆಗೆ ತಗುಲಿ ಕೆಳಗೆ ಬಿತ್ತು. ಒಲೆಗೇ ಬಿದ್ದಿದ್ದರೆ ಸ್ನಾನದ ನೀರಾದರೂ ಕಾಯುತ್ತಿತ್ತು.

ಅವು ತೆಂಗಿನ ಮರಗಳು. ತಿಪಟೂರು ಸೀಮೆಯಲ್ಲಿ ಕೂತುಕೊಂಡು ಫಲ ಬಿಡುವ ತೆಂಗಿನ ಮರವನ್ನು ಅನುಪಯುಕ್ತ ಎನ್ನಲು ಎಂಥ ನಾಲಿಗೆ ಬೇಕು! ಬರೆದವರ ಮನೆಯ ಒಲೆ ಉರಿಯುವುದು ಮಟ್ಟೆಯಿಂದ, ಸಾರಿಗೆ ಬೀಳುವುದು ಕಾಯಿ, ಮಗಳ ಮದುವೆಗೆ ಹಾಕಿಸಿದ್ದು ಸೋಗೆಯ ಚಪ್ಪರ. ಅದೆಲ್ಲ ಉಪಯುಕ್ತ. ಸತ್ತವರ ತಲೆಯ ಬಳಿ ನಿಂತ ಮರ ಮಾತ್ರ ಅನುಪಯುಕ್ತ.

ಆ ಮರಗಳನ್ನು ನೆಡಿಸಿದವರ ಹೆಸರು ಚರಿತ್ರೆಯಲ್ಲಿ ಇಲ್ಲ. ಅವರು ತೀರಿಕೊಂಡು ಇನ್ನೂ ತಿಂಗಳು ತುಂಬಿಲ್ಲ, ಆಗಲೇ ಇಲ್ಲ. ನಾನೂ ಹೆಸರು ಬರೆಯುವುದಿಲ್ಲ. ಊರಿನಲ್ಲಿ ಯಾರೂ ಅವರನ್ನು ಹೆಸರು ಹಿಡಿದು ಕರೆದವರಲ್ಲ. ಚರ್ಚಿನ ಉಪದೇಶಿಯ ಹೆಂಡತಿಯಾಗಿ ಬಂದರು, ಹಾಗಾಗಿ ಉಪದೇಶಿಯಮ್ಮ. ಕಡ್ಡಿಯಂಥ ಮೈ, ಕಣಕಾಲು ಕಾಣುವಂತೆ ಎತ್ತಿ ಕಟ್ಟಿದ ಸೀರೆ, ಕೊರಳಲ್ಲಿ ಕಪ್ಪು ಜಪಸರ. ಮಾತು ಮಹಾ ಒರಟು. ಜ್ಞಾನೋಪದೇಶದ ಪಾಠಕ್ಕೆ ತಡವಾಗಿ ಹೋದರೆ ತೆಂಗಿನ ಗರಿಯ ಕಡ್ಡಿಯಿಂದ ಕಾಲಿಗೆ ಒಂದು ಬಿಗಿಯುತ್ತಿದ್ದರು. ನಾವು ಬಾಯಿ ತೆರೆಯುವುದರೊಳಗೆ ಮಡಿಲಿನಿಂದ ಕೊಬ್ಬರಿ ಚೂರು, ಬೆಲ್ಲ ತೆಗೆದು ಆ ತೆರೆದ ಬಾಯಿಗೇ ತುರುಕುತ್ತಿದ್ದರು.

"ಮೊದ್ಲು ನುಂಗು, ಆಮೇಲ್ ಅಳು" ಎನ್ನುತ್ತಿದ್ದರು. ನುಂಗಿದ ಮೇಲೆ ಅಳು ಎಲ್ಲಿ ಬರಬೇಕು?

ನಮ್ಮೂರು ರೈಲು ಹಳಿಯ ಪಕ್ಕದ ಸಣ್ಣ ಊರು. ಅಲ್ಲಿ ಕ್ರೈಸ್ತರೆಂದರೆ ಹಳಿ ರಿಪೇರಿಯವರು, ಕಾಯಿ ಸುಲಿಯುವವರು, ಗಾರೆ ಕೆಲಸದವರು. ನಮ್ಮಪ್ಪ ಕೊಬ್ಬರಿ ಮಂಡಿಯಲ್ಲಿ ಮೂಟೆ ಹೊರುತ್ತಿದ್ದ. ಸುತ್ತ ಕಣ್ಣು ಹಾಯಿಸಿದಷ್ಟೂ ತೆಂಗಿನ ತೋಟ, ಅದರಲ್ಲಿ ನಮ್ಮದು ಎನ್ನಲು ಒಂದು ಗರಿಯೂ ಇರಲಿಲ್ಲ. ಆಗೆಲ್ಲ ಫಾದರ್ ಯಾವಾಗಲೋ ಒಮ್ಮೆ ಬಂದು ಪೂಜೆ ಮುಗಿಸಿ ಸಂಜೆಯ ಗಾಡಿ ಹಿಡಿಯುತ್ತಿದ್ದರು. ಮಿಕ್ಕ ದಿನಗಳಲ್ಲಿ ಜಪ ಹೇಳಿಸಿ, ಮಕ್ಕಳಿಗೆ ಪಾಠ ಮಾಡಿ, ಸತ್ತವರನ್ನು ಹೂಳುತ್ತಿದ್ದವರು ಉಪದೇಶಿ. ಅವರು ಚಿಕ್ಕ ವಯಸ್ಸಿನಲ್ಲೇ ಕಾಮಾಲೆಯಾಗಿ ಹೋದರು. ಸ್ಮಶಾನಕ್ಕೆಂದು ಸಿಕ್ಕಿದ್ದ ಹೊಸ ಜಾಗದಲ್ಲಿ ಮೊದಲು ಹೂತದ್ದು ಅವರನ್ನೇ.

ಗೋರಿಗೆ ಕಲ್ಲು ಹಾಕಿಸುವ ಶಕ್ತಿ ಯಾರಿಗೂ ಇರಲಿಲ್ಲ. ಮರದ ಶಿಲುಬೆಯನ್ನು ಗೆದ್ದಲು ಬಿಡುವುದಿಲ್ಲ. ಉಪದೇಶಿಯಮ್ಮ ಬಿಳಿಗೆರೆಯ ಒಬ್ಬ ತೋಟದವರ ಮನೆಗೆ ನಡೆದುಹೋಗಿ, ಒಂದು ತೆಂಗಿನ ಸಸಿ ಕೇಳಿ ತಂದು ಗಂಡನ ತಲೆಯ ಕಡೆ ನೆಟ್ಟರು. ಯಾಕೆ ಎಂದು ಕೇಳಿದವರಿಗೆ "ಗುರುತಿಗೆ" ಎಂದರಂತೆ. ಅದರ ಬಲಮಗ್ಗುಲಲ್ಲಿ ಒಬ್ಬರು ಮಲಗುವಷ್ಟು ಜಾಗ ಬಿಟ್ಟುಕೊಂಡು "ಇದು ನಂದು, ಯಾರೂ ಕಾಲಿಡ್ಬ್ಯಾಡಿ" ಎಂದು ಎಲ್ಲರಿಗೂ ಹೇಳಿಟ್ಟರು. ಮಕ್ಕಳಿಲ್ಲದ ಹೆಂಗಸು. ಗಂಡನ ಮಗ್ಗುಲಿಗೆ ಸೇರಬೇಕು ಎನ್ನುವುದೊಂದನ್ನು ಬಿಟ್ಟು ಬೇರೆ ಆಸೆಯನ್ನು ನಾನು ಅವರ ಬಾಯಲ್ಲಿ ಕೇಳಿಲ್ಲ.

ಅಲ್ಲಿಂದ ಮುಂದೆ ಯಾರು ಸತ್ತರೂ ತಲೆಗೊಂದು ತೆಂಗು. ನೀರು ಹಾಕುವುದು ಆಯಾ ಮನೆಯವರ ಕೆಲಸ. ಬೇಸಿಗೆಯಲ್ಲಿ ಯಾರಾದರೂ ಸೋಮಾರಿತನ ಮಾಡಿದರೆ ಉಪದೇಶಿಯಮ್ಮ ಮನೆ ಬಾಗಿಲಿಗೇ ಹೋಗಿ ನಿಲ್ಲುತ್ತಿದ್ದರು. "ನಿಮ್ಮಪ್ಪ ಒಣಗ್ತಾವ್ನೆ, ಇಲ್ಲಿ ಬೀಡಿ ಸೇದ್ತಾ ಕುಂತಿದ್ದೀಯೇನ್ಲಾ?" ನಾನು ಟೀಚರಾಗಿ ಕೆಲಸಕ್ಕೆ ಸೇರುವ ಹೊತ್ತಿಗೆ ಸ್ಮಶಾನ ದೊಡ್ಡ ತೋಪಾಗಿತ್ತು. ನಮ್ಮಪ್ಪನ ಮರ ಬಾವಿಯ ಕಡೆಗಿತ್ತು. ಅವನ ಹಾಗೆಯೇ ಸ್ವಲ್ಪ ಬಾಗಿಕೊಂಡಿತ್ತು.

ಕಾಯಿಯದು ಒಂದು ಕಟ್ಟಳೆ. ಅದನ್ನು ಮಾರುವ ಹಾಗಿಲ್ಲ. ನವೆಂಬರಿನ ಸತ್ತವರ ಹಬ್ಬದ ದಿನ ಎಲ್ಲ ಮರದ ಕಾಯಿಯನ್ನೂ ಇಳಿಸಿ, ಚರ್ಚಿನ ಮುಂದೆ ಮರಮರದ್ದು ಬೇರೆಬೇರೆ ಇಟ್ಟು, ಉಪದೇಶಿಯಮ್ಮ ಹಂಚುತ್ತಿದ್ದರು. ತಮ್ಮವರ ಕಾಯಿ ತಮಗೆ ಸಿಗುತ್ತಿರಲಿಲ್ಲ. ಬೇರೆ ಮನೆಯ ಸತ್ತವರ ಕಾಯಿ ತೆಗೆದುಕೊಂಡು ಹೋಗಿ, ಆ ಸತ್ತವರ ಹೆಸರಿನಲ್ಲಿ ಜಪ ಹೇಳಿ, ಆಮೇಲೆ ಒಡೆಯಬೇಕು. "ನಿಮ್ಮೋರ್ಗೆ ನೀವು ಹೆಂಗೂ ಅಳ್ತೀರ. ಬ್ಯಾರೇರ ಸತ್ತೋರ್ಗೂ ಒಸಿ ಬಾಯ್ ಆಡ್ಸಿ" ಎನ್ನುವುದು ಅವರ ವಾದ. ಯಾರ ಕಾಯಿ ಯಾರಿಗೆ ಎನ್ನುವುದರಲ್ಲಿ ಅವರ ಕಿತಾಪತಿ ಇರುತ್ತಿತ್ತು.

ನಮ್ಮ ಮನೆಗೂ ಪಕ್ಕದ ಗಾರೆ ಮೇಸ್ತ್ರಿಯ ಮನೆಗೂ ಬಚ್ಚಲ ನೀರಿನ ಜಗಳ. ಗೋಡೆಯ ಆಚೀಚೆ ಬೈಗುಳ ಇಲ್ಲದ ದಿನವಿರಲಿಲ್ಲ. ಒಂದು ವರ್ಷ ಉಪದೇಶಿಯಮ್ಮ ನಮ್ಮಮ್ಮನ ಸೆರಗಿಗೆ ಎರಡು ಕಾಯಿ ಹಾಕಿದರು.

"ಯಾರ್ದು ಇದು?" ಎಂದಳು ಅಮ್ಮ.

"ಮೇಸ್ತ್ರಿ ಅಪ್ಪಂದು."

"ಥೂ! ಆ ಮನೇದು ನಂಗ್ ಬ್ಯಾಡ. ಬ್ಯಾರೆ ಕೊಡಿ."

"ನಿನ್ ಬಚ್ಚಲ್ ನೀರ್ಗೂ ಆ ಮುದುಕಂಗೂ ಏನೇ ಸಂಬಂಧ? ಅವ್ನು ಸತ್ತಾಗ ನೀನಿನ್ನೂ ಈ ಊರ್ಗೇ ಬಂದಿರ್ನಿಲ್ಲ. ತಗಂಡೋಗು, ಜಪ ಹೇಳು, ಚಟ್ನಿ ಅರಿ."

ನಮ್ಮಪ್ಪನ ಕಾಯಿ ಮೇಸ್ತ್ರಿಯ ಮನೆಗೆ ಹೋಯಿತು. ಆ ಸಂಜೆ ಮೇಸ್ತ್ರಿಯ ಹೆಂಡತಿ ನಮ್ಮಪ್ಪನ ಹೆಸರು ಹೇಳಿ ಜಪ ಮಾಡುವುದು ಗೋಡೆಯಾಚೆಯಿಂದ ಕೇಳಿತು. ಅಮ್ಮ ಕೈಯಲ್ಲಿ ಸೌಟು ಹಿಡಿದುಕೊಂಡು ಜಪ ಮುಗಿಯುವ ತನಕ ಗೋಡೆಗೆ ಒರಗಿ ನಿಂತಿದ್ದಳು. ಮಾರನೆಯ ದಿನ ಬೆಳಿಗ್ಗೆ ಜಗಳ ಎಂದಿನಂತೆ ಶುರುವಾಯಿತು. ಆದರೆ ಬೈಯುವಾಗ ಸತ್ತವರನ್ನು ಎಳೆದು ತರುವುದನ್ನು ಎರಡೂ ಮನೆಯವರು ಬಿಟ್ಟರು.

ಇನ್ನೊಂದು ಸಲ ರೈಲಿಗೆ ಸಿಕ್ಕಿ ಸತ್ತ ಯಾವನೋ ಪರವೂರಿನವನ ಹೆಣವನ್ನು ಕೇಳುವವರೇ ಬರಲಿಲ್ಲ. ಪೊಲೀಸಿನವರು ಎಲ್ಲಾದರೂ ಹೂಳಿ ಎಂದರು. ಕೊರಳಲ್ಲಿ ಶಿಲುಬೆಯಿಲ್ಲ, ಪದಕವಿಲ್ಲ, ನಮ್ಮ ಸ್ಮಶಾನಕ್ಕೆ ತರುವುದು ಹೇಗೆ ಎಂದು ನಮ್ಮ ಗಂಡಸರು ತಲೆ ಕೆರೆದುಕೊಳ್ಳುತ್ತಾ ನಿಂತರು. ಉಪದೇಶಿಯಮ್ಮ ಅವರನ್ನು ತಳ್ಳಿಕೊಂಡು ಮುಂದೆ ಬಂದರು. "ಜಾತಿ ಹೇಳಕ್ಕೆ ಅವ್ನೇನು ಎದ್ದು ಕೂತ್ಕಂಡಾನ? ಗುದ್ಲಿ ತಗಂಬಾರ್ಲಾ!" ಅವನಿಗೂ ಒಂದು ಸಸಿ ನೆಟ್ಟರು. ದಿಕ್ಕಿಲ್ಲದೋನ ಮರ ಎಂದೇ ಅದರ ಹೆಸರು. ಅದರ ಕಾಯಿಯನ್ನು ಮಾತ್ರ ಅವರು ಯಾರಿಗೂ ಕೊಡದೆ ತಾವೇ ಇಟ್ಟುಕೊಳ್ಳುತ್ತಿದ್ದರು. ಹೆಸರಿಲ್ಲದವನಿಗೆ ನಾವು ಅರ್ಧಂಬರ್ಧ ಜಪ ಹೇಳುತ್ತೇವೆ ಎಂಬ ಗುಮಾನಿ.

ತುರ್ತು ಪರಿಸ್ಥಿತಿ ಮುಗಿದ ಮೇಲೆ ನಮಗೆ ಒಬ್ಬ ಹೊಸ ಫಾದರ್ ಬಂದರು. ಚಿಕ್ಕ ವಯಸ್ಸು, ಪಟ್ಟಣದಲ್ಲಿ ಬೆಳೆದವರು, ಮೋಟಾರು ಬೈಕು. ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಒಂದಿಷ್ಟು ಬೈದು ನಾನೂ ಸುಮ್ಮನಾಗುತ್ತಿದ್ದೆ. ಕಾಯಿಲೆಯವರನ್ನು ಸಾಗಿಸಲು ಜೀಪು ತರಿಸಿದರು, ಸ್ಮಶಾನದ ಪಕ್ಕದಲ್ಲಿ ಮದುವೆ ಮುಂಜಿಗೆಂದು ಸಭಾಂಗಣ ಕಟ್ಟಿಸಿದರು. ಮುಂಜಿ ನಮ್ಮಲ್ಲಿಲ್ಲ, ಮಾತಿಗೆ ಹೇಳಿದೆ. ಸಭಾಂಗಣದ ಗಾರೆ ಕೆಲಸ ನಮ್ಮ ಪಕ್ಕದ ಮನೆಯ ಮೇಸ್ತ್ರಿಯದೇ. ಅದನ್ನು ಉದ್ಘಾಟಿಸಲು ಬಿಷಪ್ಪರು ಬರುತ್ತಾರೆ ಎಂದು ಗೊತ್ತಾದ ದಿನದಿಂದ ಫಾದರ್ ಕಣ್ಣಿಗೆ ಮರಗಳು ಚುಚ್ಚತೊಡಗಿದವು. ಒಂದು ಭಾನುವಾರ ಪೂಜೆ ಮುಗಿದ ಮೇಲೆ ಚರ್ಚಿನ ಜಗಲಿಯಲ್ಲೇ ಮಾತಿಗೆ ಮಾತು ಬೆಳೆಯಿತು.

"ಅಮ್ಮಾ, ಬಿಷಪ್ಪರು ಬಂದು ಇದು ಸ್ಮಶಾನವೋ ತೋಟವೋ ಅಂತ ಕೇಳಿದರೆ ನಾನೇನು ಹೇಳಲಿ?"

"ಎಲ್ಡೂ ಅನ್ನಿ ಫಾದರ್. ಸುಳ್ಳೇನಲ್ಲ."

"ಸತ್ತವರ ಹೆಸರಲ್ಲಿ ಮರ ಕರೆಯೋದು, ಅವರ ಕಾಯಿ ಅಂತ ಹಂಚೋದು, ಇದೆಲ್ಲ ಮೂಢನಂಬಿಕೆ. ಅಚ್ಚುಕಟ್ಟಾಗಿ ಕಲ್ಲಿನ ಶಿಲುಬೆ ಹಾಕಿಸ್ತೀನಿ. ಎಲ್ಲರ ಹೆಸರೂ ಕೆತ್ತಿಸ್ತೀನಿ."

"ಹಾಕ್ಸಿ, ಬ್ಯಾಡ ಅಂದೋರ್ಯಾರು? ಮರದ ಬುಡುಕ್ಕೇ ಹಾಕ್ಸಿ. ಮರ ಯಾಕ್ ಕಡೀಬೇಕು? ನಾನು ನಮ್ಮೋರ ಮಗ್ಗುಲ್ಗೆ ಹೋಗ್ಬೇಕು ಫಾದರ್. ಆ ಮರ ಹೋದ್ರೆ ಅವ್ರು ಎಲ್ಲವ್ರೆ ಅಂತ ಹುಡುಕ್ಲಿ?"

"ಅದಕ್ಕೇನು, ಗೂಟ ಹೊಡೆದು ಗುರುತು ಮಾಡಿಸ್ತೀವಿ."

ಕಮಿಟಿಯವರು ಪಕ್ಕದಲ್ಲೇ ನಿಂತಿದ್ದರು. ಒಬ್ಬೊಬ್ಬರ ಅಪ್ಪ, ಅಜ್ಜಿ, ಮಗು ಆ ತೋಪಿನಲ್ಲಿದ್ದಾರೆ. ಒಬ್ಬರೂ ಉಸಿರೆತ್ತಲಿಲ್ಲ. ಆಮೇಲೆ ಒಳಗೆ ಸಭೆ ಸೇರಿ ಮರ ಕಡಿಯಲು ಎಲ್ಲರೂ ಕೈಯೆತ್ತಿದರಂತೆ; ಅದು ನಮ್ಮ ಕಿವಿಗೆ ಬಿದ್ದದ್ದು ಬಹಳ ತಡವಾಗಿ. ಕಮಿಟಿಯಲ್ಲಿದ್ದ ಮೇಸ್ತ್ರಿಯೂ ಎತ್ತಿದ.

ಅದೇ ಸಮಯಕ್ಕೆ ಉಪದೇಶಿಯಮ್ಮನ ಕಣ್ಣಿನ ಪೊರೆ ತೆಗೆಸಲು ಬೆಂಗಳೂರಿನ ಆಸ್ಪತ್ರೆಯಲ್ಲಿ ಫಾದರೇ ಏರ್ಪಾಡು ಮಾಡಿದರು. ಜೀಪನ್ನೂ ಕೊಟ್ಟರು. ಜೊತೆಗೆ ನಾನು ಶಾಲೆಗೆ ರಜೆ ಹಾಕಿ ಹೋಗಿದ್ದೆ. ಎಷ್ಟು ಒಳ್ಳೆಯವರು ಎಂದುಕೊಂಡೇ ಹೋದೆ.

ಕಣ್ಣಿನ ಕಟ್ಟು ಬಿಚ್ಚಿದ ಮೇಲೆ ಅದೇ ಜೀಪಿನಲ್ಲಿ ವಾಪಸು ಬಂದೆವು. ಊರಿನ ತಿರುವಿನಲ್ಲಿ ಯಾವಾಗಲೂ ಮೊದಲು ಕಾಣುತ್ತಿದ್ದದ್ದು ನಮ್ಮ ತೋಪಿನ ತಲೆಗಳು, ಅದರ ಹಿಂದೆ ಚರ್ಚಿನ ಶಿಲುಬೆ. ದಪ್ಪ ಕನ್ನಡಕ ಹಾಕಿಕೊಂಡು ಉಪದೇಶಿಯಮ್ಮ ಮುಂದಕ್ಕೆ ಬಗ್ಗಿ ನೋಡಿದರು. "ಇದೇನೇ ಇಷ್ಟೊಂದು ಬೆಳ್ಕು? ಆಪ್ರೇಸನ್ ಆಗಿದ್ದಕ್ಕಾ?" ಎಂದು ನನ್ನನ್ನು ಕೇಳಿದರು.

ಡ್ರೈವರು ಮುಖ ಆಚೆಗೆ ತಿರುಗಿಸಿಕೊಂಡ.

ಒಂದು ಮರವನ್ನೂ ಬಿಟ್ಟಿರಲಿಲ್ಲ. ತುರುವೇಕೆರೆ ಕಡೆಯ ಕಂಟ್ರಾಕ್ಟರು ಕಡಿದು, ಬುಡಸಮೇತ ಕೀಳಿಸಿ, ಬೊಡ್ಡೆ, ಕಾಯಿ ಎಲ್ಲವನ್ನೂ ಹೇರಿಕೊಂಡು ಹೋಗಿದ್ದ. ನೆಲವನ್ನು ಟ್ರ್ಯಾಕ್ಟರಿನಲ್ಲಿ ಮಟ್ಟ ಮಾಡಿದ್ದರು. ಗುರುತಿಗೆಂದು ಗೂಟ ಹೊಡೆದು ಹೆಸರಿನ ಚೀಟಿ ಅಂಟಿಸಿದ್ದು ನಿಜವಂತೆ. ಆದರೆ ಈ ಮಹಾಶಯರು ಗೂಟ ಹೊಡೆದದ್ದು ಮರ ಕಡಿಯುವ ಮೊದಲು. ಅಷ್ಟೆತ್ತರದ ಮರ ಉರುಳಿದರೆ ಎಲ್ಲಿಗೆ ಬೀಳುತ್ತದೆ? ಗೂಟದ ಮೇಲೇ. ಮುರಿದು ಉಳಿದ ಚೂರುಗಳಲ್ಲಿ ಕೂಲಿಯವರು ಅನ್ನ ಬೇಯಿಸಿಕೊಂಡು ಉಂಡರು. ತೆಂಗಿನ ಸೀಮೆಯಲ್ಲಿ ಹುಟ್ಟಿ ಬೆಳೆದ ಕಮಿಟಿಯ ಬುದ್ಧಿ ಇದು. ನಮ್ಮಮ್ಮ ಅಪ್ಪನ ಮರಕ್ಕೆ ಅಡ್ಡ ನಿಂತಳಂತೆ. ಅವಳ ಕೈ ಹಿಡಿದು ಮನೆಗೆ ಕರೆತಂದು ಬಿಟ್ಟವನು ಮೇಸ್ತ್ರಿ.

ಫಾದರ್ ಹೊರಗೆ ಬಂದರು. ಉಪದೇಶಿಯಮ್ಮ ಅಳಲಿಲ್ಲ. ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡು ಕೇಳಿದರು. "ಕಣ್ ಬರ್ಸಿದ್ದು ಇದ್ನ ನೋಡ್ಲಿ ಅಂತ್ಲಾ ಫಾದರ್?"

"ನಿಮಗೆ ನೋವಾಗಬಾರದು ಅಂತಲೇ, ನೀವಿಲ್ಲದಾಗ ಮಾಡಿಸಿದ್ದು."

ಇದಕ್ಕಿಂತ ಹೊಲಸು ಮಾತನ್ನು ನಾನು ಕೇಳಿಲ್ಲ. ಬೈಗುಳದಲ್ಲೂ ಕೇಳಿಲ್ಲ.

ಕಲ್ಲಿನ ಶಿಲುಬೆಗಳು ಬಂದವು. ಯಾವುದನ್ನು ಎಲ್ಲಿ ನೆಡುವುದು? ಕಮಿಟಿಯವರು ಉಪದೇಶಿಯಮ್ಮನ ಮನೆಗೆ ಬಂದು, ಸ್ವಲ್ಪ ತೋರಿಸಿಕೊಡಿ ಎಂದು ಕೈಮುಗಿದರು. "ಕಡಿದೋರ್ನ ಕೇಳ್ರಿ" ಎಂದು ಬಾಗಿಲು ಹಾಕಿಕೊಂಡರು. ಕೊನೆಗೆ ಆ ಪುಣ್ಯಾತ್ಮರು ಕಲ್ಲುಗಳನ್ನು ಅಕಾರಾದಿಯಾಗಿ ನೆಟ್ಟರು. ಸುಳ್ಳಲ್ಲ, ಬಂದು ನೋಡಿ. ಶಾಲೆಯ ಹಾಜರಿಯಂತೆ ಅ ಆ ಇ ಈ ಎಂದು ಸಾಲಾಗಿ ನಿಂತಿವೆ. ನಮ್ಮಪ್ಪನ ಹೆಸರಿನ ಕಲ್ಲಿನ ಕೆಳಗೆ ಯಾರಿದ್ದಾರೆ ಎಂದು ದೇವರನ್ನೇ ಕೇಳಬೇಕು. ದಿಕ್ಕಿಲ್ಲದವನಿಗೆ ಹೆಸರಿಲ್ಲ, ಹಾಗಾಗಿ ಕಲ್ಲೂ ಇಲ್ಲ. ಬಿಷಪ್ಪರು ಬಂದರು, ಎಷ್ಟು ಶಿಸ್ತಾಗಿದೆ ಎಂದರು.

ಉಪದೇಶಿಯಮ್ಮ ಸೇಡಿಗೆ ತೋರಿಸಲಿಲ್ಲ ಎಂದು ಊರೆಲ್ಲ ಇವತ್ತಿಗೂ ನಂಬಿದೆ. ಒಂದು ಮಧ್ಯಾಹ್ನ ನಾನು ಅವರ ಕಣ್ಣಿಗೆ ಔಷಧಿ ಬಿಡುತ್ತಿದ್ದಾಗ ಹೇಳಿದರು. "ನಂಗೂ ಗೊತ್ತಾಗ್ನಿಲ್ಲ ಕಣೇ. ಹೋಗಿ ಹೋಗಿ ನಿಂತ್ಕಂಡು ನೋಡ್ದೆ. ಎಲ್ಲಾ ಒಂದೇ ಥರ ಕಾಣ್ತೈತೆ. ನಮ್ಮೋರು ಎಲ್ಲವ್ರೆ ಅಂತ ನಂಗೇ ತಿಳೀನಿಲ್ಲ." ಕೆನ್ನೆಗೆ ಇಳಿದ ಔಷಧಿಯನ್ನು ಸೆರಗಿನಿಂದ ಒರೆಸಿಕೊಂಡು, "ಯಾರ್ಗೂ ಹೇಳ್ಬ್ಯಾಡ. ಹೆದ್ರುಕೊಂಡಿರ್ಲಿ ನನ್ ಮಕ್ಳು" ಎಂದರು. ಅವರಿರುವ ತನಕ ಹೇಳಲಿಲ್ಲ. ಈಗ ಹೇಳುತ್ತಿದ್ದೇನೆ, ಅವರು ಸೇಡಿನವರಲ್ಲ ಎಂದು ಗೊತ್ತಾಗಲಿ ಎಂದು.

ಆಮೇಲಿನ ಸತ್ತವರ ಹಬ್ಬಗಳಲ್ಲಿ ಕಾಯಿ ಹಂಚುವುದಿರಲಿಲ್ಲ. ಎಲ್ಲರೂ ತಮ್ಮ ತಮ್ಮ ಹೆಸರಿನ ಕಲ್ಲಿಗೆ ಮೇಣದ ಬತ್ತಿ ಹಚ್ಚಿ, ತಮ್ಮವರಿಗಷ್ಟೇ ಜಪ ಹೇಳಿ ಮನೆಗೆ ಹೋಗುತ್ತಿದ್ದರು. ಉಪದೇಶಿಯಮ್ಮ ನಡುವೆ ಎಲ್ಲೋ ಒಂದು ಕಡೆ ನಿಂತು, "ಯಾರ್ ಎಲ್ಲವ್ರೋ ದೇವ್ರೇ, ನಿಂಗಾದ್ರೂ ಗೊತ್ತಿರ್ಲಿ" ಎಂದು ಎಲ್ಲರಿಗೂ ಕೇಳುವಂತೆ ಗಟ್ಟಿಯಾಗಿ ಹೇಳುತ್ತಿದ್ದರು. ಆ ಫಾದರಿಗೆ ವರ್ಗವಾಯಿತು, ಬೇರೆಯವರು ಬಂದರು, ಮತ್ತೂ ಒಬ್ಬರು ಬಂದರು. ಹತ್ತು ವರ್ಷ ಉಪದೇಶಿಯಮ್ಮ ಅದನ್ನು ಬಿಡಲಿಲ್ಲ.

ಹೋದ ತಿಂಗಳು ಅವರನ್ನು ಹೂಳಿದ್ದು ಉಪದೇಶಿಯ ಹೆಸರಿನ ಕಲ್ಲಿನ ಬಲಗಡೆಗೆ. ಮಾತು ಉಳಿಸಿಕೊಂಡೆವು ಎಂದು ಕಮಿಟಿಯವರು ಬೀಗುತ್ತಿದ್ದರು. ಗುಂಡಿ ತೋಡುವವನ ಗುದ್ದಲಿಗೆ ಕೊಳೆತ ಬೇರಿನ ಗಂಟು ಸಿಕ್ಕಿತು. "ಇಲ್ಲಿ ಯಾರ್ದೋ ಮರ ಇತ್ತಲ್ಲಣ್ಣ" ಎಂದ ಅವನು. ಯಾರದು? ಉಪದೇಶಿಯಮ್ಮ ತಮಗೆಂದು ಬಿಟ್ಟುಕೊಂಡಿದ್ದ ಜಾಗದಲ್ಲಿ ಮರವೇ ಇರಲಿಲ್ಲ. ಒಂದೇ ಒಂದು ಆಸೆ ಇಟ್ಟುಕೊಂಡಿದ್ದ ಹೆಂಗಸನ್ನು ಇನ್ನಾರದೋ ತಲೆಯ ಹತ್ತಿರ ಮಲಗಿಸಿ ಮಣ್ಣು ಎಳೆದರು.

ಮೇಸ್ತ್ರಿ ಎಲ್ಲರ ಹಿಂದೆ ನಿಂತಿದ್ದ. ಕೈಯಲ್ಲೊಂದು ಗೋಣಿಚೀಲ, ಅದರ ಬಾಯಿಂದ ಹಸಿರು ಗರಿಯ ತುದಿ ಹೊರಗೆ ಬಂದಿತ್ತು. ಅದನ್ನು ಒಳಕ್ಕೆ ತುರುಕುತ್ತಾ ನಿಂತಿದ್ದ. ನಾನು ಹೋಗಿ ಚೀಲಕ್ಕೆ ಕೈ ಹಾಕಿದೆ.

"ಏನ್ರೀ ಇದು?"

"ಉಪದೇಶಿಗಳ ಮರದ್ದು ಕಣಮ್ಮ" ಎಂದ, ಕೇಳಿಯೂ ಕೇಳದ ದನಿಯಲ್ಲಿ. "ಕಡಿದ್ ದಿನ ಎಲ್ಡು ಕಾಯಿ ಎತ್ಕಂಡೋಗಿ ಹಿತ್ಲಾಗೆ ಹೂತಿದ್ದೆ. ಒಂದು ಬಂತು, ಈಗ ಮರ ಆಗೈತೆ. ಇದು ಅದರ್ ಸಸಿ."

ನಮ್ಮ ಗೋಡೆಯಾಚೆಯ ಮರ! ಅದರ ಸೋಗೆ ನಮ್ಮ ಅಂಗಳಕ್ಕೆ ಬೀಳುತ್ತದೆ ಎಂದು ಅಮ್ಮ ದಿನಾ ಶಪಿಸುವ ಮರ. ನನಗೆ ಅವನ ಕೊರಳಪಟ್ಟಿ ಹಿಡಿಯುವಷ್ಟು ಸಿಟ್ಟು ಬಂತು. "ಇಷ್ಟು ವರ್ಷ ಅವರಿಗೆ ಯಾಕೆ ಹೇಳಲಿಲ್ಲ? ಹೇಳಿದ್ದರೆ ಬಂದು ಅದರ ಬುಡದಲ್ಲಾದರೂ ಕೂರುತ್ತಿದ್ದರಲ್ಲ!"

"ಕೈ ಎತ್ತಿದ್ ಮೇಲೆ ಯಾವ್ ಮಕ ಇಟ್ಕಂಡ್ ಹೇಳ್ಲಿ?"

ಸಸಿಯನ್ನು ಅವನ ಕೈಯಿಂದ ಕಿತ್ತುಕೊಂಡು ಹೋಗಿ ಹಸಿ ಮಣ್ಣಿನಲ್ಲಿ, ಅವರ ತಲೆಯ ಕಡೆ ನಾನೇ ನೆಟ್ಟೆ. ಈಗಿನ ಫಾದರ್ ಹೊಸಬರು, ಅವರಿಗೆ ಈ ಕಥೆ ಯಾವುದೂ ಗೊತ್ತಿಲ್ಲ. ಪುಸ್ತಕ ಮಡಿಚಿ, "ಇದು ಯಾತಕ್ಕೆ?" ಎಂದು ಕೇಳಿದರು. ಕಮಿಟಿಯವರು ನೆಲ ನೋಡಿದರು. ಹಿಂದಿನಿಂದ ಮೇಸ್ತ್ರಿ ಹೇಳಿದ.

"ಗುರುತಿಗೆ, ಫಾದರ್."

ಸಂಚಿಕೆ ಬರೆದವರಿಗೂ ಕಮಿಟಿಯವರಿಗೂ ನನ್ನದೊಂದು ಮಾತು. ಆ ಸಸಿಗೆ ಬೆಳಿಗ್ಗೆ ನಾನು, ಸಂಜೆ ಮೇಸ್ತ್ರಿ ನೀರು ಹಾಕುತ್ತಿದ್ದೇವೆ. ಮುಂದೆ ಮತ್ತೊಬ್ಬ ಬಿಷಪ್ಪರು ಬರಬಹುದು, ಮತ್ತೆ ಅದು ಅನುಪಯುಕ್ತವೆಂದು ಕಾಣಬಹುದು. ಕೀಳುವುದಾದರೆ ಕೀಳಲಿ. ಆದರೆ ನನ್ನನ್ನು ಆಸ್ಪತ್ರೆಗೆ ಕಳಿಸದೆ, ನಾನು ಊರಲ್ಲಿರುವಾಗ, ನನ್ನ ಕಣ್ಣೆದುರಿಗೆ ಬಂದು ಕೀಳಲಿ.